ಪವರ್ ಜಾಸ್ತಿ ಅಜ್ಜಿ

"ತಲೆ ತಿರುಗ್ತದೆ ಮಗಾ, ಬಸ್ಸಲ್ಲಿ ಕೂತ ಹಾಗೆ ಆಗ್ತದೆ" ಅಂದರು ಅಜ್ಜಿ.

"ಪವರ್ ಜಾಸ್ತಿ ಅಜ್ಜಿ, ಹಾಗೆ" ಅಂದ ಟೆಲಿಸ್ಕೋಪಿನ ಹತ್ತಿರ ನಿಂತಿದ್ದ ಹುಡುಗ. ಸಾಲಿನಲ್ಲಿದ್ದವರು ನಕ್ಕರು. ಅಜ್ಜಿಯೂ ನಕ್ಕು ಸೆರಗು ಸರಿಮಾಡಿಕೊಂಡು ಆಚೆ ಹೋದರು. ಶನಿವಾರ ರಾತ್ರಿಯ ಮಾತಿದು. ಬುಧವಾರ ಬಂದರೂ ಕಿವಿಯಿಂದ ಇಳಿದಿಲ್ಲ.

ಕಾಸರಗೋಡಿನ ಬದಿಯಡ್ಕದಿಂದ ಆಚೆ ಒಂದು ಪದವು, ಎಂದರೆ ಎತ್ತರದ ಕಲ್ಲುಬಯಲು. ಅಲ್ಲಿ ಜನರಿಗೆ ಟೆಲಿಸ್ಕೋಪಿನಲ್ಲಿ ಗುರುಗ್ರಹ ತೋರಿಸುತ್ತಿದ್ದೆವು. ಕೆಳಗೆ ಕಂಗಿನ ತೋಟದಲ್ಲಿ ನಿಂತರೆ ಕೊಡೆಯಷ್ಟಗಲ ಆಕಾಶ ಸಿಕ್ಕಿದರೆ ಪುಣ್ಯ, ಪದವಿನ ಮೇಲೆ ಸುತ್ತಲೂ ತೆರಪು. ಒಂದೇ ತೊಂದರೆ ನೆಲದ ಕೆಂಪು ಮುರಕಲ್ಲಿನದ್ದು. ಹಗಲು ಕುಡಿದ ಬಿಸಿಲನ್ನು ಅದು ಕತ್ತಲಾದ ಮೇಲೂ ಗಂಟೆಗಟ್ಟಲೆ ಬಿಡುತ್ತಾ ಇರುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದರೆ ಗುರುವಿನ ಅಂಚು ನೀರಿನಡಿಯ ನಾಣ್ಯದ ಹಾಗೆ ಅಲುಗುತ್ತದೆ. ಟೆಲಿಸ್ಕೋಪಿನ ಎಂಟು ಇಂಚಿನ ಕನ್ನಡಿಯೂ ಹೊರಗಿನ ತಂಪಿಗೆ ಇಳಿಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಅದಕ್ಕೇ ಆರೂವರೆಗೇ ಕೊಳವೆ ಹೊರಗಿಟ್ಟಾಗಿತ್ತು. ಜೀಪಿನಲ್ಲಿ ಕುಲುಕಿಸಿಕೊಂಡು ಬಂದ ಕನ್ನಡಿಗಳ ಹೊಂದಿಕೆಯನ್ನೂ ನೋಡಿಯಾಗಿತ್ತು. ಒಂದು ನಕ್ಷತ್ರವನ್ನು ನಡುವಿಗೆ ತಂದು ಫೋಕಸ್ ತಪ್ಪಿಸಿದರೆ ಬಳೆಗಳು ಕಾಣುತ್ತವೆ. ಅವು ಒಂದರೊಳಗೊಂದು ಸರಿಯಾಗಿ ಕೂತರೆ ಆಯಿತು, ಒಂದು ಬದಿಗೆ ಒತ್ತಿದ್ದರೆ ಹಿಂದಿನ ತಿರುಪುಗಳನ್ನು ಚೂರುಚೂರೇ ತಿರುಗಿಸಬೇಕು. ಅವಸರಕ್ಕೆ ಅರ್ಧ ಸುತ್ತು ತಿರುಗಿಸಿದವರು ಆ ರಾತ್ರಿ ಮತ್ತೇನನ್ನೂ ತೋರಿಸುವುದಿಲ್ಲ.

ಎಂಬತ್ತು ಜನ, ಒಂದೇ ಟೆಲಿಸ್ಕೋಪು. ಮೋಟಾರಿಲ್ಲದ, ಕೈಯಲ್ಲೇ ದೂಡುವ ಡಾಬ್ಸೋನಿಯನ್. ಸಾಲು ನೋಡಿಕೊಳ್ಳಲು ನಿಂತ ಮಾಸ್ಟ್ರು "ತಲೆಗೆ ಇಪ್ಪತ್ತು ಸೆಕೆಂಡು" ಎಂದು ಸೀಟಿ ಊದುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ಸಾಲೂ ಇಷ್ಟು ಬೇಗ ಓಡುವುದಿಲ್ಲ. ಅಜ್ಜಿಯ ಸರದಿ ಬಂದಾಗ ಯಾರೋ ವೇದಿಕೆಯ ಫ್ಲಡ್‌ಲೈಟ್ ಹಾಕಿಬಿಟ್ಟರು, ಭಾಷಣಕ್ಕೆ. ನಕ್ಷತ್ರ ನೋಡಲು ಕರೆದು ಲೈಟು ಹಾಕಿ ಭಾಷಣ ಮಾಡುವವರ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಅದನ್ನು ಆರಿಸಲು ಹುಡುಗ ಓಡಿದ, ಅವನ ಹಿಂದೆ ಮಾಸ್ಟ್ರೂ. ಹಾಗಾಗಿ ಅಜ್ಜಿಯನ್ನು ಎಬ್ಬಿಸುವವರಾಗಲಿ ಕೊಳವೆ ದೂಡುವವರಾಗಲಿ ಯಾರೂ ಇರಲಿಲ್ಲ.

ಹೆಚ್ಚಿನವರು ಬಗ್ಗಿದ ಕೂಡಲೇ ಐಪೀಸನ್ನು, ಎಂದರೆ ಕಣ್ಣಿಡುವ ಮಸೂರವನ್ನು, ಹಿಡಿದುಕೊಳ್ಳುತ್ತಾರೆ, ಗುರು ಎಲ್ಲಿಗೋ ಹಾರುತ್ತದೆ. ಅಜ್ಜಿ ಯಾರೂ ಹೇಳದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ದೇವಸ್ಥಾನದಲ್ಲಿ ಗರ್ಭಗುಡಿಗೆ ಇಣುಕುವವರ ಹಾಗೆ. ಆಮೇಲೆ ಅಲ್ಲಾಡಲಿಲ್ಲ. ಗುರು ನಡುವಿನಿಂದ ಜಾರಿ, ಅಂಚಿಗೆ ಹೋಗಿ, ಅರ್ಧವಾಗಿ, ಮಾಯವಾಗುವ ತನಕ ನೋಡಿದರು. ಹಿಂದೆ ಉಳಿದಿದ್ದ ಉಪಗ್ರಹದ ಚುಕ್ಕಿಯೂ ಹೋದ ಮೇಲೆ ತಲೆ ಎತ್ತಿ ಆ ಮಾತು ಹೇಳಿದರು. ಅಷ್ಟರಲ್ಲಿ ಹುಡುಗ ಬಂದಿದ್ದ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಸಿಟ್ಟು ಬರುವುದು ಅದಕ್ಕೇ. 1200 ಮಿಲಿಮೀಟರ್ ನಾಭಿದೂರದ ಕೊಳವೆಗೆ 10 ಮಿಲಿಮೀಟರ್ ಐಪೀಸ್ ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಪ್ಲೋಸ್ಲ್ ಎಂಬ ಸಾಧಾರಣ ಬಗೆಯ ಐಪೀಸಿನಲ್ಲಿ ಆಗ ಕಾಣುವ ಆಕಾಶ ಅರ್ಧ ಡಿಗ್ರಿಗೂ ಕಡಿಮೆ, ಹುಣ್ಣಿಮೆ ಚಂದ್ರನೂ ಪೂರ್ತಿ ಹಿಡಿಯದಷ್ಟು. ಒಂದಂಚಿನಿಂದ ಇನ್ನೊಂದಂಚಿಗೆ ಹೋಗಲು ಗುರುವಿಗೆ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಸಾಕು. 25 ಮಿಲಿಮೀಟರಿನಲ್ಲಿ ನಾಲ್ಕೂಮುಕ್ಕಾಲು ನಿಮಿಷ, 6 ಮಿಲಿಮೀಟರಿನಲ್ಲಿ ಒಂದು ನಿಮಿಷದ ಮೇಲೆ ಚೂರು. ಪವರ್ ಹೆಚ್ಚಾದಷ್ಟೂ ಓಟ ಹೆಚ್ಚು ಕಾಣುತ್ತದೆ, ಸರಿ. ಆದರೆ ಓಡುತ್ತಿದ್ದದ್ದು ಗುರುವಲ್ಲ, ಅಜ್ಜಿ ನಿಂತಿದ್ದ ಮುರಕಲ್ಲು. ನಮ್ಮ ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ಪೂರ್ವಕ್ಕೆ ಸಾಗುತ್ತದೆ. ಗುರು ಒಮ್ಮೆ ಐಪೀಸು ದಾಟುವಷ್ಟರಲ್ಲಿ ಪದವು, ಟೆಲಿಸ್ಕೋಪು, ಸೀಟಿ, ಫ್ಲಡ್‌ಲೈಟು ಎಲ್ಲವೂ 50 ಕಿಲೋಮೀಟರಿನಷ್ಟು ಹೋಗಿರುತ್ತವೆ. ಕಾಸರಗೋಡಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ. ಬಸ್ಸಿಗಾದರೆ ಗಂಟೆಗೂ ಮಿಕ್ಕಿ ಬೇಕು. ಬಸ್ಸಲ್ಲಿ ಕೂತ ಹಾಗೆ ಆಗ್ತದೆ!

ಆರ್ಯಭಟ 1500 ವರ್ಷಗಳ ಹಿಂದೆ ಇದಕ್ಕೆ ದೋಣಿಯ ಹೋಲಿಕೆ ಕೊಟ್ಟಿದ್ದ. ದೋಣಿ ಮುಂದೆ ಹೋಗುವಾಗ ಅಲುಗದೆ ನಿಂತವು ಹಿಂದಕ್ಕೆ ಓಡಿದ ಹಾಗೆ, ನಕ್ಷತ್ರಗಳು ಪಶ್ಚಿಮಕ್ಕೆ ಓಡುವಂತೆ ಕಾಣುತ್ತವೆ ಅಂತ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತೇವೆ. ಅಜ್ಜಿಗೆ ಅದು ಹೊಟ್ಟೆಯಲ್ಲಿ ತಿಳಿಯಿತು, ನಾವು ಐಪೀಸಿನ ತಪ್ಪು ಅಂದೆವು.

ತೋರಿಸುವವರಿಗೆ ಈ ಓಟವೆಂದರೆ ಉಪದ್ರ. ಅದನ್ನು ಮರೆಮಾಡಲು ಒಂದು ಉಪಾಯವೂ ಉಂಟು: ಕೈ ಬಿಟ್ಟು ಗುರು ಯಾವ ಅಂಚಿಗೆ ಹೋಗುತ್ತದೆಂದು ಒಮ್ಮೆ ನೋಡಿ, ಪ್ರತಿಸಲ ಅದರ ಎದುರಿನ ಅಂಚಿನ ಹತ್ತಿರ ಇಟ್ಟುಬಿಡುವುದು. ಮುಂದಿನವರು ಕನ್ನಡಕ ತೆಗೆದು ಬಗ್ಗುವಷ್ಟರಲ್ಲಿ ಅದು ನಡುವಿನ ಕಡೆಗೆ ಬರುತ್ತಾ ಇರುತ್ತದೆ. ದೂಡಿದ ಮೇಲೆ ಕೊಳವೆಯ ನಡುಕ ನಿಲ್ಲಲು ಎರಡು ಮೂರು ಸೆಕೆಂಡೂ ಸಿಗುತ್ತದೆ. ಮೋಟಾರಿದ್ದರೆ ಇದೂ ಬೇಡ, ಗುರು ಗೋಡೆಗೆ ಹೊಡೆದ ಕ್ಯಾಲೆಂಡರಿನ ಹಾಗೆ ನಿಲ್ಲುತ್ತದೆ. ಚಂದ ಕಾಣುತ್ತದೆ, ಒಪ್ಪುವ. ಆದರೆ ಕ್ಯಾಲೆಂಡರು ಮನೆಯಲ್ಲೇ ಉಂಟಲ್ಲ.

ಫೋಟೋ ತೆಗೆಯುವವರಿಗೆ ಮಾತ್ರ ಈ ಓಟದೊಂದಿಗೆ ರಾಜಿ ಗೊತ್ತು. ಐಪೀಸಿಗೆ ಮೊಬೈಲ್ ಕಟ್ಟಿ, ಪರದೆಯಲ್ಲಿ ಗುರುವನ್ನು ಒತ್ತಿ ಹಿಡಿದು, ಎಕ್ಸ್‌ಪೋಶರನ್ನು ಗುರುವಿನ ಮೈಮೇಲಿನ ಪಟ್ಟಿಗಳು ಕಾಣುವ ತನಕ ಇಳಿಸಬೇಕು, ಇಲ್ಲದಿದ್ದರೆ ಬಿಳಿ ಬಲ್ಬೊಂದೇ ಸಿಗುವುದು. ಆಮೇಲೆ ಮುಟ್ಟದೆ ವೀಡಿಯೋದಲ್ಲಿ ಓಡಲು ಬಿಡುವುದು. ಪಿಪ್ ಎಂಬ ತಂತ್ರಾಂಶ ಪ್ರತಿ ಚೌಕಟ್ಟಿನಲ್ಲೂ ಗುರುವನ್ನು ಹುಡುಕಿ ನಡುವಿಗೆ ತರುತ್ತದೆ, ಆಟೋಸ್ಟ್ಯಾಕರ್ಟ್ ಒಳ್ಳೆಯ ಚೌಕಟ್ಟುಗಳನ್ನು ಆರಿಸಿ ಪೇರಿಸುತ್ತದೆ. ಹೀಗೆ ಒಂದೆರಡು ಓಟ ಸೇರಿಸುವಾಗಲೂ ಒಟ್ಟು ಎರಡು ಮೂರು ನಿಮಿಷ ಮೀರಬಾರದು. ಗುರು ಹತ್ತು ಗಂಟೆಯೊಳಗೆ ತನ್ನ ಸುತ್ತ ಒಮ್ಮೆ ತಿರುಗುವ ಗ್ರಹ, ಪಟ್ಟಿಗಳ ವಿವರ ಕಲಸಿಹೋಗುತ್ತದೆ. ಅಲ್ಲಿಯೂ ಒಂದು ಬಸ್ಸು.

ಎಂಬತ್ತು ಜನರಿಗೂ ಎರಡೆರಡು ನಿಮಿಷ ಕೊಟ್ಟರೆ ಎರಡೂವರೆ ಗಂಟೆ ಮಿಕ್ಕುತ್ತದೆ, ಅಷ್ಟರಲ್ಲಿ ಇಬ್ಬನಿ ಇಳಿದು ಐಪೀಸು ಮಸುಕಾಗುತ್ತದೆ. ಮಾಸ್ಟ್ರ ಸೀಟಿಗೂ ಅರ್ಥವಿಲ್ಲದಿಲ್ಲ. ಮುಂದಿನ ಸಲಕ್ಕೆ ಇನ್ನೊಂದು ಸಣ್ಣ ಟೆಲಿಸ್ಕೋಪು ತಂದು ಬದಿಗಿಡುವುದೆಂದು ಮಾತಾಗಿದೆ. ಅದನ್ನು ಯಾರೂ ದೂಡುವುದಿಲ್ಲ, ಸಾಲಿನಲ್ಲಿ ಕಾಯುವವರು ಐದೈದು ಜನ ಬಂದು ಓಟ ಮಾತ್ರ ನೋಡುವುದು. ಹುಡುಗನಿಗೆ ಹೇಳಿದರೆ, "ಗುರು ಹೋದ ಮೇಲೆ ಖಾಲಿ ಕಪ್ಪು ನೋಡ್ಲಿಕ್ಕೆ ಯಾರು ನಿಲ್ತಾರೆ ಅಣ್ಣ?" ಅಂದ.

ಒಬ್ಬರು ನಿಂತಿದ್ದರು. ಅವರಿಗೊಂದು ಬೆನ್ನು ಇರುವ ಕುರ್ಚಿ ಬೇಕು, ಐಪೀಸಿನ ಎದುರು ತಿರುಗಿಸಿಟ್ಟು ಬೆನ್ನನ್ನೇ ಹಿಡಿದು ನಿಲ್ಲುವ ಹಾಗೆ. ತಲೆ ತಿರುಗುವುದಂತೂ ಹೌದು.