ಹೂಮಳೆಯಲ್ಲಿ ಸೆಮಿಫೈನಲ್

ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ನರಸಿಂಹರಾಜಪುರಕ್ಕೆ ಹೊರಟ ಬಸ್ಸು ಉಂಬ್ಳೇಬೈಲಿನವರೆಗೂ ಖಾಲಿಯಾಗಿಯೇ ಓಡಿತು. ಅಲ್ಲಿ ಹುಡುಗರ ದಂಡೊಂದು ಹತ್ತಿತು. ಒಬ್ಬನ ಹೆಗಲಲ್ಲಿ ಚೆಂಡು ತುಂಬಿದ ಬಲೆ, ಇನ್ನೊಬ್ಬನ ಕೈಯಲ್ಲಿ ಬೂಟುಗಳನ್ನು ತುರುಕಿದ ಗೊಬ್ಬರದ ಚೀಲ. ಪಕ್ಕದಲ್ಲಿ ಕುಳಿತವನು ಕಿತ್ತುಹೋದ ಬೂಟಿನ ಅಟ್ಟೆಯನ್ನು ದಬ್ಬಳದಿಂದ ಹೊಲಿಯತೊಡಗಿದ. ಅಡಿಕೆ ಮೂಟೆಯ ಬಾಯಿ ಹೊಲಿಯುವ ಸೂಜಿ, ಅದೇ ಹುರಿ. ತಿರುವು ಬಂದಾಗ ಕೈ ನಿಲ್ಲಿಸುತ್ತಿದ್ದ, ರಸ್ತೆ ನೇರವಾದೊಡನೆ ಮತ್ತೆ ಚುಚ್ಚುತ್ತಿದ್ದ. ವಿಚಾರಿಸಿದರೆ, ನಾನು ನೋಡಲು ಹೊರಟಿದ್ದ ಫುಟ್‌ಬಾಲ್ ಕಪ್‌ಗೇ ಅವರು ಆಡಲು ಹೊರಟಿದ್ದರು.

ನರಸಿಂಹರಾಜಪುರದಲ್ಲಿ ಬಸ್ಸು ಬದಲಿಸಿ, ಬಾಳೆಹೊನ್ನೂರಿನಲ್ಲಿ ಇಳಿದು, ಅಲ್ಲಿಂದ ಜೀಪು. ಭದ್ರಾ ಹಿನ್ನೀರು ಬೇಸಿಗೆಗೆ ಹಿಂದೆ ಸರಿದು ದಡದಲ್ಲಿ ಕೆಂಪು ಮಣ್ಣು ಕಾಣಿಸುತ್ತಿತ್ತು. ಉಳಿದ ದಾರಿಯೆಲ್ಲ ತೋಟ, ಮೆಣಸಿನ ಬಳ್ಳಿ, ಮತ್ತೆ ತೋಟ.

ಎಸ್ಟೇಟಿನ ಮೈದಾನ ಎಂದರೆ ಗುಡ್ಡದ ಒಂದು ಮಗ್ಗುಲನ್ನು ಕಡಿದು ಸಮ ಮಾಡಿದ ಜಾಗ. ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು. ಇಳಿಜಾರಿನ ಕಡೆ ಚೆಂಡು ಹೋದರೆ ಕಾಫಿ ಗಿಡಗಳ ನಡುವೆ ಹುಡುಕಿ ತರಲೆಂದೇ ಮಕ್ಕಳ ಒಂದು ಪಡೆ ಕಾದು ನಿಂತಿತ್ತು. ತಂಡಕ್ಕೆ ಏಳು ಜನ, ಅರ್ಧಕ್ಕೆ ಇಪ್ಪತ್ತು ನಿಮಿಷ, ಆಫ್‌ಸೈಡ್ ಇಲ್ಲ. 8 ತಂಡ, ನಾಕೌಟ್, ಆದ್ದರಿಂದ 7 ಪಂದ್ಯ. ಪ್ರತಿ ಪಂದ್ಯಕ್ಕೂ ಒಂದು ತಂಡ ಮನೆಗೆ. ಊಟದ ಹೊತ್ತಿಗೆ ಅರ್ಧ ತಂಡಗಳ ಕಥೆ ಮುಗಿದಿರುತ್ತದೆ. ನಲವತ್ತು ನಿಮಿಷದ ಆಟಕ್ಕೆ ಅರ್ಧ ದಿನದ ಪ್ರಯಾಣ ಮಾಡಿ ಬರುವವರಿದ್ದಾರಲ್ಲ ಎಂಬುದೇ ನನಗೆ ಆಟಕ್ಕಿಂತ ದೊಡ್ಡ ಸೋಜಿಗ.

ಬೆಳಗಿನ ಆಟಗಳಲ್ಲಿ ಕಣ್ಣಿಗೆ ಕಟ್ಟಿದ್ದು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ತಂಡ. ಸಣ್ಣ ಸಣ್ಣ ಪಾಸು, ಚೆಂಡು ನೆಲ ಬಿಟ್ಟು ಏಳುತ್ತಿರಲಿಲ್ಲ. ಒಂದೇ ಗೋಲಿನಿಂದ ಸೋತರು. ಸೋತ ಮೇಲೂ ಧರೆಯ ಮೇಲೆ ಸಾಲಾಗಿ ಕುಳಿತು, ಯಾರು ಚೆನ್ನಾಗಿ ಆಡಿದರೂ ಕೂಗು ಹಾಕುತ್ತಿದ್ದರು. ಲೀಗ್ ಆಗಿದ್ದರೆ ಅವರನ್ನು ಇನ್ನೆರಡು ಸಲವಾದರೂ ನೋಡಬಹುದಿತ್ತು. ನಾಕೌಟ್ ಬಗ್ಗೆ ನನಗಿರುವ ತಕರಾರು ಇದೊಂದೇ.

ಉಂಬ್ಳೇಬೈಲಿನವರು ತಮ್ಮ ಪಂದ್ಯ ಗೆದ್ದರು. ಹೊಲಿದ ಬೂಟು ಉಳಿಯಿತು.

ಊಟವಾದ ಮೇಲೆ ಮುಖ್ಯ ಅತಿಥಿಗಳ ಭಾಷಣ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೆನಪಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರಸ್ತೆ, ಬೆಳೆ ಪರಿಹಾರ, ಯುವಜನತೆ ಎಲ್ಲವೂ ಬಂದವು. ಅಷ್ಟರಲ್ಲಿ ಪಶ್ಚಿಮದಲ್ಲಿ ಮೋಡ ಕಟ್ಟಿತು. ಭಾಷಣ ಇನ್ನೊಂದು ಹತ್ತು ನಿಮಿಷ ಚಿಕ್ಕದಾಗಿದ್ದರೆ ಎರಡನೆಯ ಸೆಮಿಫೈನಲ್ ಮಳೆಗೆ ಮೊದಲೇ ಮುಗಿಯುತ್ತಿತ್ತು ಎಂಬುದು ಮೈದಾನದಲ್ಲಿದ್ದವರೆಲ್ಲರ ಅಭಿಪ್ರಾಯ.

ಆ ಸೆಮಿಫೈನಲ್ ಉಂಬ್ಳೇಬೈಲಿನವರಿಗೂ ಪಕ್ಕದ ಎಸ್ಟೇಟಿನವರಿಗೂ. 1–1 ಆಗಿ, ಇನ್ನೇನು ಕೆಲವೇ ನಿಮಿಷ ಎನ್ನುವಾಗ ಮಳೆ ಸುರಿಯಿತು. ಮೈದಾನದ ನಡುವೆ ಚೆಂಡು ಒದ್ದಲ್ಲೇ ನಿಲ್ಲತೊಡಗಿತು. ರೆಫರಿ ಸೀಟಿ ಊದಿ ಎಲ್ಲರನ್ನೂ ಶಾಮಿಯಾನದೊಳಗೆ ಕರೆದರು. ಅಲ್ಲಿ ನೋಡಿದರೆ ಎರಡು ಬಗೆಯ ಮುಖಗಳು. ಸಮಿತಿಯವರದು ಬಾಡಿದ ಮುಖ. ಕಾಫಿ ಬೆಳೆಗಾರರದು ಅರಳಿದ ಮುಖ. ಮಾರ್ಚ್ ತಿಂಗಳ ಈ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಸ್ಪ್ರಿಂಕ್ಲರ್ ಇದ್ದವರು ನೀರು ಕೊಟ್ಟುಕೊಳ್ಳುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಹಿರಿಯರೊಬ್ಬರು ಶಾಮಿಯಾನದ ಅಂಚಿನಿಂದ ಕೈ ಚಾಚಿ ಮಳೆಯ ತೂಕ ನೋಡಿ, “ಇನ್ನೂ ಅರ್ಧ ಇಂಚು ಬರಲಿ” ಎಂದರು. ಸಮಿತಿಯ ಕಾರ್ಯದರ್ಶಿ ಅವರನ್ನು ನೋಡಿದ ನೋಟ ಮರೆಯುವಂಥದ್ದಲ್ಲ.

ಮಳೆ ಹಿಡಿದಾಗ ಜಗಳ ಶುರುವಾಯಿತು. ಉಳಿದ ಆಟವನ್ನೂ ಫೈನಲನ್ನೂ ಸೋಮವಾರ ಆಡಿಸೋಣ ಎಂದಿತು ಸಮಿತಿ. ಎಸ್ಟೇಟಿನವರಿಗೆ ಏನೂ ತೊಂದರೆಯಿಲ್ಲ. ಅವರ ಮನೆ ಅಲ್ಲೇ ಧರೆಯ ಮೇಲೆ. ಉಂಬ್ಳೇಬೈಲಿನವರಲ್ಲಿ ಒಬ್ಬ ಗ್ಯಾರೇಜಿನವನು, ಇಬ್ಬರು ಕಾಲೇಜಿನವರು, ಉಳಿದವರು ದಿನಗೂಲಿಗೆ ಹೋಗುವವರು. ರಾತ್ರಿ ಉಳಿಯಲು ಜಾಗವಿಲ್ಲ, ಸೋಮವಾರ ರಜೆಯಿಲ್ಲ. ನಾಕೌಟ್‌ನಲ್ಲಿ ದೂರದ ತಂಡಕ್ಕೆ ನಿಜವಾದ ಎದುರಾಳಿ ಕೊನೆಯ ಬಸ್ಸು.

ಇದು ಹೊಸ ಕಥೆಯೂ ಅಲ್ಲ. ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್‌ನ ಮೊದಲ ಆವೃತ್ತಿಯಲ್ಲೇ, 1872ರ ಸೆಮಿಫೈನಲ್‌ಗೆಂದು ಗ್ಲಾಸ್ಗೋದಿಂದ ಲಂಡನ್ನಿಗೆ ಬಂದ ಕ್ವೀನ್ಸ್ ಪಾರ್ಕ್ ತಂಡ ವಾಂಡರರ್ಸ್ ಜೊತೆ ಗೋಲಿಲ್ಲದೆ ಸಮ ಮಾಡಿಕೊಂಡಿತು. ಮರುಪಂದ್ಯದ ಖರ್ಚಿಗೆ ಕಾಸಿಲ್ಲದೆ ಕಣದಿಂದ ಹಿಂದೆ ಸರಿಯಿತು. ಒಂದೂ ಗೋಲು ಬಿಟ್ಟುಕೊಡದೆ ಮನೆಗೆ ಹೋಯಿತು; ವಾಂಡರರ್ಸ್ ಕಪ್ ಗೆದ್ದಿತು.

“ನಾಣ್ಯ ಚಿಮ್ಮಿಬಿಡೋಣ” ಎಂದರು ಸಮಿತಿಯ ಒಬ್ಬರು. ಅದಕ್ಕೂ ಪೂರ್ವ ನಿದರ್ಶನವಿದೆ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಇಟಲಿ ಸೋವಿಯತ್ ಒಕ್ಕೂಟವನ್ನು ದಾಟಿದ್ದು ನಾಣ್ಯದ ಬಲದಿಂದಲೇ. ಸಮವಾದ ಪಂದ್ಯವನ್ನು ಸರದಿಯ ಒದೆತಗಳಲ್ಲಿ ತೀರ್ಮಾನಿಸುವ ಪೆನಾಲ್ಟಿ ಶೂಟೌಟ್ ನಿಯಮ ಪುಸ್ತಕಕ್ಕೆ ಬಂದದ್ದು 1970ರಲ್ಲಿ. ಉಂಬ್ಳೇಬೈಲಿನ ನಾಯಕನಿಗೆ ಈ ಇತಿಹಾಸ ಬೇಕಿರಲಿಲ್ಲ. “ನಾಣ್ಯಕ್ಕೆ ಸೋತು ಊರಿಗೆ ಹೋಗಿ ಏನೆಂದು ಹೇಳುವುದು? ಪೆನಾಲ್ಟಿ ಕೊಡಿ” ಎಂದು ಪಟ್ಟು ಹಿಡಿದ.

ಪೆನಾಲ್ಟಿಯ ಗುರುತು ಕೆಸರಿನಲ್ಲಿ ಅಳಿಸಿಹೋಗಿತ್ತು. ಕಾಫಿ ಒಣಗಿಸುವ ಕಣದಿಂದ ಒಂದು ಹಲಗೆ ತಂದು, ಅದನ್ನು ಇಟ್ಟು ಅಳೆದು, ಬೂದಿ ಚೆಲ್ಲಿ ಹೊಸ ಗುರುತು ಮಾಡಿದರು. ಎಸ್ಟೇಟಿನ ಮೂರನೆಯವನು ಓಡಿ ಬರುವಾಗ ಊರಿದ ಕಾಲು ಜಾರಿ ಕೆಸರಿಗೆ ಬಿದ್ದ. ಚೆಂಡು ಗೋಲ್‌ಕೀಪರ್‌ನ ಕೈಗೆ ತಾನಾಗಿಯೇ ಉರುಳಿ ಬಂತು. ನಮ್ಮ ಬಸ್ಸಿನ ಹುಡುಗ ದಬ್ಬಳದ ಹೊಲಿಗೆಯ ಬೂಟಿನಲ್ಲೇ ಕೊನೆಯದನ್ನು ಹೊಡೆದು ಗೆಲ್ಲಿಸಿದ. ಅಸ್ಸಾಮಿನವರು ಧರೆಯಿಂದ ಇಳಿದು ಬಂದು ಅವನನ್ನು ಎತ್ತಿಕೊಂಡರು.

ಗೆದ್ದದ್ದರಿಂದ ಆದದ್ದಿಷ್ಟು: ಫೈನಲ್ ಆಡಲೇಬೇಕಾಯಿತು, ಕೊನೆಯ ಬಸ್ಸು ತಪ್ಪಿತು. ಕತ್ತಲಾಗುವ ಹೊತ್ತಿಗೆ ಸುಸ್ತಾದ ಕಾಲುಗಳಲ್ಲಿ ಆಡಿ 0–2ರಿಂದ ಸೋತರು. ಎರಡನೆಯ ಬಹುಮಾನದ ಲಕೋಟೆಯನ್ನು ವೇದಿಕೆಯ ಕೆಳಗೆ ಇಳಿಯುವ ಮೊದಲೇ ತೆರೆದು ಎಣಿಸಿದ ನಾಯಕ ನೇರವಾಗಿ ಹೋದದ್ದು ಪಿಕಪ್ ವಾಹನದ ಚಾಲಕನ ಬಳಿಗೆ. ಚೌಕಾಸಿ ಅರ್ಧ ಗಂಟೆ ನಡೆಯಿತು. ನನಗೂ ಹಿಂಬದಿಯಲ್ಲಿ ಜಾಗ ಸಿಕ್ಕಿತು. ಮುತ್ತಿನಕೊಪ್ಪ ದಾಟುವವರೆಗೂ ಫೈನಲ್‌ನ ಮೊದಲ ಗೋಲಿಗೆ ಯಾರು ಕಾರಣ ಎಂಬ ವಾದ ನಿಲ್ಲಲಿಲ್ಲ. ಉಂಬ್ಳೇಬೈಲಿನಲ್ಲಿ ಇಳಿದ ಮೇಲೆ ನಾಯಕ ಬಾಡಿಗೆಯಲ್ಲಿ ನನ್ನ ಪಾಲನ್ನು ಲೆಕ್ಕ ಹಾಕಿ, ಒಂದು ರೂಪಾಯಿಯನ್ನೂ ಬಿಡದೆ ವಸೂಲು ಮಾಡಿದ.