ತಣ್ಣೀರು ಸ್ನಾನ ಮಾಡಿದ್ರೆ ಹೊಟ್ಟೆ ಕರಗುತ್ತಾ ಮೇಡಂ?

ನಾನು ಫಿಸಿಯಾಲಜಿ ಪಾಠ ಮಾಡುವವಳು. ಅದು ಗೊತ್ತಾದ ಕೂಡಲೇ ಜನ ಈಚೆಗೆ ಕೇಳುವುದು ಒಂದೇ ಪ್ರಶ್ನೆ. "ಮೈಯಲ್ಲಿ ಕಂದು ಕೊಬ್ಬು ಅಂತ ಇದೆಯಂತೆ. ಬೆಳಗ್ಗೆ ತಣ್ಣೀರು ಸ್ನಾನ ಮಾಡಿದ್ರೆ ಅದು ಹೊಟ್ಟೆ ಕೊಬ್ಬನ್ನೆಲ್ಲ ಸುಟ್ಟುಬಿಡುತ್ತಂತೆ. ಹೌದಾ ಮೇಡಂ?" ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಅಲ್ಲಿ ಅರ್ಧಂಬರ್ಧ ಹೇಳಿ ಬಂದಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಕಂದು ಕೊಬ್ಬು ಇರುವುದು ನಿಜ, ಅದು ಸುಡುವುದೂ ನಿಜ. ಆದರೆ ಹೊಟ್ಟೆ ಕರಗಿಸಲು ಅದನ್ನು ನಂಬಿಕೊಳ್ಳಬೇಡಿ.

ಸೊಂಟದ ಸುತ್ತ ಸೇರುವುದು ಬಿಳಿ ಕೊಬ್ಬು. ಅದರ ಒಂದೊಂದು ಕೋಶದಲ್ಲೂ ಎಣ್ಣೆಯ ಒಂದು ದೊಡ್ಡ ಹನಿ ಇರುತ್ತದೆ, ಮುಂದಕ್ಕೆ ಬೇಕಾದೀತು ಅಂತ ಕೂಡಿಟ್ಟದ್ದು. ಕಂದು ಕೊಬ್ಬಿನ ಕೋಶದಲ್ಲಿ ಸಣ್ಣ ಸಣ್ಣ ಹನಿಗಳು, ನಡುವೆ ಕಿಕ್ಕಿರಿದ ಮೈಟೊಕಾಂಡ್ರಿಯಗಳು. ಅವುಗಳಲ್ಲಿರುವ ಕಬ್ಬಿಣದ ಅಂಶದಿಂದಲೇ ಆ ಬಣ್ಣ. ಬೇರೆ ಕೋಶಗಳಲ್ಲಿ ಮೈಟೊಕಾಂಡ್ರಿಯ ಆಹಾರವನ್ನು ಉರಿಸಿ, ಕೋಶದ ಕೆಲಸಕ್ಕೆ ಬೇಕಾದ ಎಟಿಪಿ, ಅಂದರೆ ಶಕ್ತಿ ಹೊತ್ತ ಅಣುವನ್ನು, ಮಾಡಿಕೊಡುತ್ತದೆ. ಕಂದು ಕೊಬ್ಬಿನಲ್ಲಿ ಯುಸಿಪಿ-1 ಅನ್ನುವ ಪ್ರೋಟೀನು ಆ ದಾರಿ ತಪ್ಪಿಸಿ ಶಕ್ತಿಯನ್ನು ನೇರವಾಗಿ ಶಾಖ ಮಾಡಿಬಿಡುತ್ತದೆ. ಬೈಕಿನ ಕ್ಲಚ್ ಹಿಡಿದು ಎಕ್ಸಲರೇಟರ್ ತಿರುವಿದ ಹಾಗೆ. ಪೆಟ್ರೋಲು ಖರ್ಚಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ.

ಇದು ಎಳೆ ಮಕ್ಕಳಲ್ಲಿ ಮಾತ್ರ ಇರುತ್ತದೆ, ದೊಡ್ಡವರಲ್ಲಿ ಲೆಕ್ಕಕ್ಕಿಲ್ಲ ಎಂದೇ ಬಹಳ ಕಾಲ ನಂಬಿದ್ದರು. ಆಮೇಲೆ ಕ್ಯಾನ್ಸರ್ ಹುಡುಕಲು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಕೆಲವರ ಕುತ್ತಿಗೆ, ಕೊರಳೆಲುಬಿನ ಹತ್ತಿರ ಸಕ್ಕರೆಯನ್ನು ಜೋರಾಗಿ ಹೀರುವ ಜಾಗಗಳು ಕಾಣತೊಡಗಿದವು. ಗಡ್ಡೆ ಅಲ್ಲ. 2009ರಲ್ಲಿ ಅಮೆರಿಕ, ನೆದರ್ಲೆಂಡ್ಸ್, ಫಿನ್ಲೆಂಡಿನ ಮೂರು ತಂಡಗಳು ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು, ಅದು ಕಂದು ಕೊಬ್ಬೇ ಎಂದು ತೋರಿಸಿಕೊಟ್ಟವು. ಇವತ್ತಿನ ಉತ್ಸಾಹಕ್ಕೆಲ್ಲ ಅದೇ ಮೂಲ.

ಈಗ ತಣ್ಣೀರಿನ ವಿಷಯಕ್ಕೆ ಬರೋಣ. ಚಳಿಯಾದಾಗ ನರಗಳು ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕವನ್ನು ಬಿಡುತ್ತವೆ, ಅದು ಕಂದು ಕೊಬ್ಬನ್ನು ಹೊತ್ತಿಸುತ್ತದೆ. 2015ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಎಂಟು ಮಂದಿಯನ್ನು ಹತ್ತು ದಿನ, ದಿನಕ್ಕೆ ಆರು ಗಂಟೆಯವರೆಗೆ, 14–15 ಡಿಗ್ರಿ ಚಳಿಯಲ್ಲಿ ಕೂರಿಸಿದರು. ಬೆಂಗಳೂರಿನ ಡಿಸೆಂಬರ್ ನಸುಕಿನಲ್ಲಿ ಸ್ವೆಟರ್ ಇಲ್ಲದೆ ಕೂತ ಹಾಗೆ ಅಂದುಕೊಳ್ಳಿ. ರಕ್ತದ ಸಕ್ಕರೆಯನ್ನು ಕೋಶಗಳಿಗೆ ಸೇರಿಸುವ ಇನ್ಸುಲಿನ್‌ಗೆ ಅವರ ದೇಹ ಸ್ಪಂದಿಸುವುದು ಶೇ 43ರಷ್ಟು ಸುಧಾರಿಸಿತು. ಎಷ್ಟು ಖುಷಿಯ ಸುದ್ದಿ, ಅಲ್ವಾ? ಆದರೆ ರಕ್ತದಿಂದ ಹೀಗೆ ಹೊರಬಿದ್ದ ಸಕ್ಕರೆಯಲ್ಲಿ ಬಹುಪಾಲು ಹೋದದ್ದು ಸ್ನಾಯುಗಳಿಗೆ. ಕಂದು ಕೊಬ್ಬಿನ ಪಾಲು ಚೂರೇ ಚೂರು. ಮುಂದೆ ನಡುಕ ಬರದ ಹಾಗೆ ನೋಡಿಕೊಂಡು ಮಾಡಿದ ಇನ್ನೊಂದು ಪ್ರಯತ್ನದಲ್ಲಿ ಆ ಲಾಭ ಕಾಣಲೇ ಇಲ್ಲ. ಹಾಗಿರುವಾಗ ಐದು ನಿಮಿಷದ ಎರಡು ಬಕೆಟ್ ತಣ್ಣೀರಿನಿಂದ ಏನು ತಾನೇ ಆದೀತು? ಸ್ನಾಯುಗಳು ಸಕ್ಕರೆ ಎಳೆದುಕೊಳ್ಳಬೇಕಾದರೆ ನಡೆದರೆ ಸಾಕು. ಬಿಪಿ, ಹೃದಯದ ತೊಂದರೆ ಇರುವವರು ಐಸ್ ನೀರಿನಲ್ಲಿ ಕೂರುವುದಂತೂ ಬೇಡವೇ ಬೇಡ.

ಮಾತ್ರೆ ಇಲ್ವಾ ಅಂತಲೂ ಕೇಳುತ್ತಾರೆ. ಮೂತ್ರ ತಡೆಯಲಾಗದವರಿಗೆ ಕೊಡುವ ಮಿರಾಬೆಗ್ರಾನ್ ಮಾತ್ರೆ ಕಂದು ಕೊಬ್ಬನ್ನೂ ಎಬ್ಬಿಸುತ್ತದೆ. 12 ಯುವಕರಿಗೆ 200 ಮಿಲಿಗ್ರಾಂ ಕೊಟ್ಟಾಗ ದಿನಕ್ಕೆ ಸುಮಾರು 200 ಕ್ಯಾಲರಿ ಹೆಚ್ಚು ಖರ್ಚಾಗುವಷ್ಟು ವೇಗ ಬಂತು. ಒಂದು ಸಣ್ಣ ಪ್ಲೇಟ್ ಉಪ್ಪಿಟ್ಟಿನಷ್ಟು. ಜೊತೆಗೆ ಹೃದಯದ ಬಡಿತವೂ ಏರಿತು. ನಂತರ 14 ಯುವತಿಯರಿಗೆ ನಾಲ್ಕು ವಾರ 100 ಮಿಲಿಗ್ರಾಂ ಕೊಟ್ಟು ನೋಡಿದರು. ತೂಕ ಇಳಿಯಲಿಲ್ಲ. ಆದರೆ ಒಳ್ಳೆಯ ಕೊಲೆಸ್ಟ್ರಾಲ್ ಏರಿತು, ಇನ್ಸುಲಿನ್ ಕೆಲಸ ಸುಧಾರಿಸಿತು. ನನಗೆ ಭರವಸೆ ಕಾಣುವುದು ಇಲ್ಲೇ. 2021ರಲ್ಲಿ ನ್ಯೂಯಾರ್ಕ್‌ನಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದಾಗ, ಕಂದು ಕೊಬ್ಬು ಕಂಡವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಶೇ 4.6, ಕಾಣದವರಲ್ಲಿ ಶೇ 9.5 ಇತ್ತು. ಕಂದು ಕೊಬ್ಬೇ ಅವರನ್ನು ಕಾಪಾಡಿತು ಎಂದು ಇಷ್ಟರಿಂದಲೇ ಹೇಳಲಾಗದು. ಆದರೂ ತೂಕದ ಮಾತು ಬಿಟ್ಟು ಸಕ್ಕರೆಯ ಮಾತಾಡಿದರೆ ಈ ಸಂಶೋಧನೆ ನಮಗೆ ಬಹಳ ಬೇಕಾದದ್ದು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾ ಮೂಲದ ಸಪೂರ ಯುವಕರಲ್ಲಿ ಕಂದು ಕೊಬ್ಬು ಯುರೋಪಿಯನ್ನರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಬರುವ ನಮ್ಮ ಮನೆಗಳಲ್ಲಿ ಇದನ್ನು ಇನ್ನೂ ದೊಡ್ಡದಾಗಿ ನೋಡಬೇಕು.

ಇನ್ನೊಂದು ಮಾತು ಹೇಳಲೇಬೇಕು. ಆಹಾರವನ್ನು ಸುಮ್ನೆ ಶಾಖ ಮಾಡಿಬಿಡುವ ರಾಸಾಯನಿಕವನ್ನು 1930ರ ದಶಕದಲ್ಲೇ ಅಮೆರಿಕದಲ್ಲಿ ತೂಕ ಇಳಿಸಲು ಕೊಟ್ಟಿದ್ದರು. ಡೈನೈಟ್ರೊಫಿನಾಲ್, ಡಿಎನ್‌ಪಿ. ತೂಕ ಇಳಿಯಿತು. ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಬಿಸಿ ವಿಪರೀತ ಏರಿ ಸತ್ತರು. 1938ರಲ್ಲಿ ನಿಲ್ಲಿಸಿದರು. ಇಂದಿಗೂ ಅದನ್ನು ಆನ್‌ಲೈನ್‌ನಲ್ಲಿ ಕದ್ದು ಮಾರುತ್ತಾರೆ. ದಯವಿಟ್ಟು ಮುಟ್ಟಬೇಡಿ.

ಕಂದು ಕೊಬ್ಬು ನಿಜವಾಗಿ ಜೀವ ಉಳಿಸುವುದು ಹುಟ್ಟಿದ ಮಗುವಿನಲ್ಲಿ. ಎಳೆ ಮಗು ನಮ್ಮ ಹಾಗೆ ನಡುಗಿ ಮೈ ಕಾಯಿಸಿಕೊಳ್ಳಲಾರದು. ಬೆನ್ನಿನ ಮೇಲ್ಭಾಗ, ಕುತ್ತಿಗೆ, ಮೂತ್ರಪಿಂಡಗಳ ಸುತ್ತ ಇರುವ ಈ ಕೊಬ್ಬನ್ನೇ ಅದು ಉರಿಸಬೇಕು. ಉರಿಸಲು ಆಮ್ಲಜನಕವೂ ಬೇಕು, ಸಕ್ಕರೆಯೂ ಬೇಕು. ಚಳಿ ಜಾಸ್ತಿ ಹೊತ್ತಾದರೆ ಮಗುವಿನ ರಕ್ತದ ಸಕ್ಕರೆ ಇಳಿಯುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿನಲ್ಲಂತೂ ಈ ಕೊಬ್ಬೇ ಕಡಿಮೆ. ಅದಕ್ಕೇ ಮೊದಲ 24 ಗಂಟೆ ಸ್ನಾನ ಮಾಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮನೆಯ ಹಿರಿಯರು ನೀರು ಕಾಯಿಸಲು ಹೊರಟರೆ, "ಅಜ್ಜಿ, ನಾಳೆ ಮಾಡೋಣ" ಅನ್ನಿ. ಮಗುವಿನ ತಲೆಗೆ ಟೋಪಿ ಹಾಕಿ, ಬರಿಮೈಯಲ್ಲಿ ಅಮ್ಮನ ಎದೆಗೆ ಒರಗಿಸಿ, ಮೇಲೆ ಒಂದು ಹೊದಿಕೆ ಹೊದಿಸಿ.