ವಿಮಾನವಾಹಕ ನೌಕೆ ಹತ್ತಿ ಆಸ್ಟ್ರೇಲಿಯಕ್ಕೆ: 1946ರ ಬ್ರಿಟನ್ ರಗ್ಬಿ ಲೀಗ್ ಪ್ರವಾಸ

1946ರ ಏಪ್ರಿಲ್ ಆರಂಭ. ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಪ್ಲಿಮತ್ ಪಕ್ಕದ ಡೆವನ್‌ಪೋರ್ಟ್ ನೌಕಾನೆಲೆಯಿಂದ ಎಚ್‌ಎಂಎಸ್ ಇಂಡಾಮಿಟಬಲ್ ಎಂಬ ವಿಮಾನವಾಹಕ ನೌಕೆ ಆಸ್ಟ್ರೇಲಿಯದ ಕಡೆ ಹೊರಟಿತು. ನೌಕಾಪಡೆಯವರ ನಡುವೆ ಅದರಲ್ಲಿ 26 ಮಂದಿ ರಗ್ಬಿ ಲೀಗ್ ಆಟಗಾರರೂ ಇದ್ದರು. ಆ ತಂಡಕ್ಕೆ ಹಡಗಿನ ಹೆಸರೇ ಅಂಟಿಕೊಂಡಿತು. ಇಂದಿಗೂ ಅವರನ್ನು ‘ಇಂಡಾಮಿಟಬಲ್ಸ್’ ಎಂದೇ ಕರೆಯುತ್ತಾರೆ.

ಯುದ್ಧನೌಕೆಯಲ್ಲೇ ಏಕೆ ಹೋಗಬೇಕಾಯಿತು? ಬೇರೆ ಹಡಗೇ ಸಿಗುತ್ತಿರಲಿಲ್ಲ. ಪ್ರಯಾಣಿಕರ ದೊಡ್ಡ ಹಡಗುಗಳೆಲ್ಲ ಆಗ ಸೈನಿಕರನ್ನು ಊರಿಗೆ ಮುಟ್ಟಿಸುವ ಕೆಲಸದಲ್ಲಿದ್ದವು. 1940ಕ್ಕೆ ಗೊತ್ತಾಗಿದ್ದ ಪ್ರವಾಸ ಯುದ್ಧದಿಂದ ರದ್ದಾಗಿತ್ತು, ಅದಕ್ಕೂ ಹಿಂದಿನದು 1936ರದು. ಹತ್ತು ವರ್ಷ ಬ್ರಿಟನ್ ತಂಡ ಬಾರದೆ ಆಸ್ಟ್ರೇಲಿಯದ ಆಟದ ವಲಯ ಕಾದು ಕೂತಿತ್ತು. ಅಲ್ಲಿನ ಆಗಿನ ವಿದೇಶಾಂಗ ಸಚಿವ ಎಚ್. ವಿ. ಎವಟ್ ರಗ್ಬಿ ಲೀಗ್‌ನ ದೊಡ್ಡ ಅಭಿಮಾನಿ. ಹೇಗಾದರೂ ತಂಡ ಕಳಿಸಿ ಎಂದು ಇಂಗ್ಲೆಂಡಿಗೇ ಬಂದು ಒತ್ತಾಯಿಸಿದ್ದರು. ಕೊನೆಗೆ ಜಾಗ ಸಿಕ್ಕಿದ್ದು ಈ ನೌಕೆಯಲ್ಲಿ.

ರಗ್ಬಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು 15 ಮಂದಿಯ ಯೂನಿಯನ್ ಆಟ. ಲೀಗ್ ಅದರಿಂದ ಒಡೆದು ಬಂದದ್ದು, 1895ರಲ್ಲಿ, ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನ ಒಂದು ಸಭೆಯಲ್ಲಿ. ಜಗಳ ಇದ್ದದ್ದು ದಿನಗೂಲಿಯ ಬಗ್ಗೆ. ಶನಿವಾರ ಆಡಲು ಹೋದರೆ ಗಣಿಯ ಕೆಲಸಗಾರನ, ಗಿರಣಿಯ ಕೆಲಸಗಾರನ ಅಂದಿನ ಕೂಲಿ ಖೋತಾ ಆಗುತ್ತಿತ್ತು. ಅದನ್ನು ತುಂಬಿಕೊಡಬೇಕು ಎಂದು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಪಟ್ಟು ಹಿಡಿದವು. ಮುಂದೆ ಆಟವೂ ಬದಲಾಯಿತು. 13 ಮಂದಿ ಆದರು. ಚೆಂಡು ಹಿಡಿದವನನ್ನು ಕೆಡವಿದ ಮೇಲೆ ರಾಶಿ ಬಿದ್ದು ಕಿತ್ತಾಡುವಂತಿಲ್ಲ. ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸಬೇಕು. ಇದರ ಹೆಸರು ‘ಪ್ಲೇ ದ ಬಾಲ್’. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ ‘ಟ್ರೈ’, ಕಂಬಗಳ ನಡುವೆ ಒದ್ದರೆ ‘ಗೋಲು’. 1946ರಲ್ಲಿ ಟ್ರೈಗೆ 3 ಅಂಕ, ಗೋಲಿಗೆ 2. ಬದಲಿ ಆಟಗಾರರೇ ಇಲ್ಲ. ಈಗಿನಂತೆ ಆರು ಟ್ಯಾಕಲ್‌ಗಳ (ಕೆಡವುವಿಕೆಗಳ) ಮಿತಿಯೂ ಇಲ್ಲ, ತಪ್ಪು ಮಾಡುವ ತನಕ ಚೆಂಡು ನಿಮ್ಮದೇ. ಈ ಎರಡು ಸಂಗತಿ ಗೊತ್ತಿರದಿದ್ದರೆ ಮುಂದೆ ಬರುವ ಸಿಡ್ನಿ ಟೆಸ್ಟ್ ಅರ್ಥವಾಗುವುದಿಲ್ಲ.

ನಾಯಕ ಗಸ್ ರಿಸ್ಮನ್. ಕಾರ್ಡಿಫ್‌ನಲ್ಲಿ ಲಾಟ್ವಿಯದಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವರು, ವಯಸ್ಸು 35, ಇದು ಅವರ ಮೂರನೇ ಪ್ರವಾಸ. ತಂಡದ ಜೊತೆ ಇಬ್ಬರು ಮ್ಯಾನೇಜರುಗಳು ಬಂದಿದ್ದರು. ಕೋಚ್ ಎಂಬ ಹುದ್ದೆಯೇ ಇರಲಿಲ್ಲ. ಯಾರನ್ನು ಹೇಗೆ ಆಡಿಸಬೇಕು, ಯಾರಿಗೆ ವಿಶ್ರಾಂತಿ ಕೊಡಬೇಕು ಎನ್ನುವುದರ ಬಹುಪಾಲು ಭಾರ ನಾಯಕನ ಹೆಗಲ ಮೇಲೇ.

ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದು ಹೆಸರು ಇರಲಿಲ್ಲ. ವೇಲ್ಸ್‌ನ ವಿಂಗ್ (ಅಂಗಳದ ಅಂಚಿನ) ಆಟಗಾರ ರಾಯ್ ಫ್ರಾನ್ಸಿಸ್ ಆಗ ಬ್ಯಾರೋ ಕ್ಲಬ್ಬಿನಲ್ಲಿ ಒಳ್ಳೆಯ ಲಯದಲ್ಲಿದ್ದರು. ಅವರು ಕಪ್ಪು ವರ್ಣೀಯರು. ಆಸ್ಟ್ರೇಲಿಯದಲ್ಲಿ ಆಗ ‘ಬಿಳಿಯ ಆಸ್ಟ್ರೇಲಿಯ’ ನೀತಿ ಜಾರಿಯಲ್ಲಿತ್ತು. ಅಲ್ಲಿ ಮುಜುಗರ ಆದೀತು ಎಂದು ಅವರನ್ನು ಬಿಟ್ಟೇ ಹೋದರು. ಈ ಪ್ರವಾಸವನ್ನು ಹೊಗಳುವವರೆಲ್ಲ ಇದನ್ನೂ ಜೊತೆಗೇ ಹೇಳಬೇಕು. ಹಡಗು ದಡ ಬಿಡುವ ಮೊದಲೇ ಆದ ಅನ್ಯಾಯ ಇದು.

ಇಂಡಾಮಿಟಬಲ್ ಸಾಮಾನ್ಯ ಹಡಗಲ್ಲ. ಮೆಡಿಟರೇನಿಯನ್‌ನಲ್ಲಿ ಬಾಂಬು ತಿಂದು, ಟಾರ್ಪೆಡೊ ತಿಂದು, 1945ರಲ್ಲಿ ಪೆಸಿಫಿಕ್‌ನಲ್ಲಿ ಜಪಾನಿ ಆತ್ಮಾಹುತಿ ವಿಮಾನ ಬಂದು ಬಡಿದರೂ ತೇಲುತ್ತಲೇ ಉಳಿದ ನೌಕೆ. ಸುಮಾರು 230 ಮೀಟರ್ ಉದ್ದ. ವಿಮಾನ ಇಳಿಯುವ ಮೇಲಿನ ಅಟ್ಟಕ್ಕೆ ಮೂರು ಇಂಚು ದಪ್ಪದ ಉಕ್ಕಿನ ಕವಚ. ಆಟಗಾರರ ಕಸರತ್ತಿನ ಅಂಗಳ ಅದೇ ಅಟ್ಟ. ಓಡಲು ಅದಕ್ಕಿಂತ ಒಳ್ಳೆಯ ಜಾಗ ಯಾವ ಪ್ರಯಾಣಿಕ ಹಡಗಿನಲ್ಲೂ ಸಿಗದು. ಈ ತುದಿಯಿಂದ ಆ ತುದಿಗೆ ನೇರ ಓಟ, ನಡುವೆ ಅಡ್ಡಿಯಿಲ್ಲ. ಆದರೆ ಉಕ್ಕಿನ ಮೇಲೆ ಯಾರನ್ನೂ ಕೆಡವುವಂತಿಲ್ಲ. ಟ್ಯಾಕಲ್ ಇಲ್ಲದೆ, ಎರಡೂ ಕಡೆಯ ಆರಾರು ಮಂದಿ ಹೆಗಲು ಕೊಟ್ಟು ನೂಕುವ ಸ್ಕ್ರಮ್ ಇಲ್ಲದೆ ಸುಮಾರು ನಾಲ್ಕು ವಾರ ಕಳೆದರೆ ಏನಾಗುತ್ತದೆಂದು ಆಡಿದವರಿಗೆ ಗೊತ್ತು: ದಮ್ಮು ಉಳಿಯುತ್ತದೆ, ಹೆಗಲಿನ, ಕತ್ತಿನ ಗಟ್ಟಿತನ ಹೋಗುತ್ತದೆ. ಪೆಟ್ಟು ತಿನ್ನುವ ರೂಢಿಯನ್ನು ನೆಲದ ಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕು. ದಡ ಸೇರಿದ ಕೂಡಲೇ ದೊಡ್ಡ ಪಂದ್ಯ ಇಟ್ಟುಕೊಳ್ಳದೆ ಮೊದಲು ಸಣ್ಣ ಊರುಗಳ ಪಂದ್ಯ ಇಡುವುದು ಈ ಕಾರಣಕ್ಕೇ.

ಏಪ್ರಿಲ್ ಕೊನೆಗೆ ಹಡಗು ಪಶ್ಚಿಮ ತೀರದ ಫ್ರಿಮ್ಯಾಂಟಲ್ ಮುಟ್ಟಿತು. ಪಂದ್ಯಗಳಿದ್ದದ್ದು ಪೂರ್ವ ತೀರದಲ್ಲಿ. ನಡುವೆ ಇಡೀ ಖಂಡ. ಸೈನಿಕರ ರೈಲಿನಲ್ಲಿ ಸಿಡ್ನಿಗೆ ಐದು ದಿನ ಹಿಡಿಯಿತು.

ಈ ರೈಲು ಪ್ರಯಾಣದ ಕಷ್ಟ ನಮ್ಮ ಹಿರಿಯ ಓದುಗರಿಗೆ ಬೇಗ ಅರ್ಥವಾದೀತು. ಪುಣೆಯಿಂದ ಬೆಂಗಳೂರಿಗೆ ಬರುವವರು ಮೀರಜ್‌ನಲ್ಲಿ ಬ್ರಾಡ್‌ಗೇಜ್ ಇಳಿದು ಮೀಟರ್‌ಗೇಜ್ ಹತ್ತುತ್ತಿದ್ದ ಕಾಲ ನೆನಪಿದ್ದರೆ ಸಾಕು. ಆಸ್ಟ್ರೇಲಿಯದಲ್ಲಿ ಆಗ ಒಂದೊಂದು ರಾಜ್ಯ ಒಂದೊಂದು ಅಳತೆಯ ಹಳಿ ಹಾಕಿಕೊಂಡಿತ್ತು. ಫ್ರಿಮ್ಯಾಂಟಲ್, ಪರ್ತ್‌ನಿಂದ ಚಿನ್ನದ ಗಣಿಯ ಊರು ಕಾಲ್ಗೂರ್ಲಿವರೆಗೆ 3 ಅಡಿ 6 ಇಂಚು, ಸುಮಾರು 650 ಕಿ.ಮೀ. ಅಲ್ಲಿ ಇಳಿದು 4 ಅಡಿ 8½ ಇಂಚಿನ ಹಳಿಯ ರೈಲು ಹತ್ತಿದರೆ ಪೋರ್ಟ್ ಪಿರಿ ತನಕ 1,700 ಕಿ.ಮೀ.ಗೂ ಹೆಚ್ಚು. ಮತ್ತೆ ಇಳಿಯಬೇಕು. ಅಡಿಲೇಡ್, ಮೆಲ್ಬರ್ನ್ ಮಾರ್ಗವಾಗಿ ಹೋದರೆ ಆಲ್ಬರಿವರೆಗೆ 5 ಅಡಿ 3 ಇಂಚಿನ ಹಳಿ. ಆಲ್ಬರಿಯಿಂದ ಸಿಡ್ನಿಗೆ ಮತ್ತೆ 4 ಅಡಿ 8½ ಇಂಚು. ಪ್ರತಿ ಬದಲಾವಣೆಗೂ ಟ್ರಂಕು, ಬೂಟು, ಜೆರ್ಸಿಗಳ ಮೂಟೆ ಎಲ್ಲವನ್ನೂ ಇಳಿಸಿ ಎಣಿಸಿ ಏರಿಸಬೇಕು. ಸಾಮಾನು ಕಳೆದುಹೋಗುವುದು, ನಿದ್ದೆ ಕೆಡುವುದು ಇಂಥ ಕಡೆಯೇ.

ನಲ್ಲರ್‌ಬೋರ್ ಬಯಲನ್ನು ದಾಟುವಾಗ ಹಳಿ 478 ಕಿ.ಮೀ. ಒಂದೇ ಗೆರೆಯಂತೆ ನೇರ, ಒಂದು ತಿರುವೂ ಇಲ್ಲ. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಕೊಳವೆಬಾವಿಯ ಉಪ್ಪುನೀರನ್ನು ಉಗಿ ಎಂಜಿನ್ನಿಗೆ ತುಂಬಿದರೆ ಬಾಯ್ಲರಿನ ಒಳಗೆ ಗಾರೆಯಂಥ ಪದರ ಕಟ್ಟುತ್ತಿತ್ತು. ಮನೆಯ ಹಂಡೆಯಲ್ಲಿ ಗಡಸು ನೀರು ಕಾಯಿಸಿ ಕಾಯಿಸಿ ತಳದಲ್ಲಿ ಬಿಳಿ ಕಟ್ಟಿಕೊಳ್ಳುತ್ತದಲ್ಲ, ಹಾಗೇ. ಕೆಲಸ ನಿಂತು, ಬಾಯ್ಲರ್ ಕೆರೆಯುವುದೇ ಆ ಮಾರ್ಗದ ದೊಡ್ಡ ಖರ್ಚಾಗಿತ್ತು. ಇಂದು ಈ ದಾರಿ ನೋಡಬೇಕೆನಿಸಿದವರು ‘ಇಂಡಿಯನ್ ಪೆಸಿಫಿಕ್’ ರೈಲು ಹತ್ತಬಹುದು: ಪರ್ತ್‌ನಿಂದ ಸಿಡ್ನಿಗೆ 4,352 ಕಿ.ಮೀ., ಮೂರು ರಾತ್ರಿ. 1970ರಲ್ಲಿ ಒಂದೇ ಅಳತೆಯ ಹಳಿ ಆದಮೇಲೆ ನಡುವೆ ಎಲ್ಲೂ ಇಳಿದು ಬದಲಾಯಿಸಬೇಕಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತರೂ ನಲ್ಲರ್‌ಬೋರ್‌ನಲ್ಲಿ ಗಂಟೆಗಟ್ಟಲೆ ಅದೇ ನೀಲಿ ಬೂದು ಪೊದೆ, ಅದೇ ಕೆಂಪು ಮಣ್ಣು.

ಊಟದ ವಿಷಯ. ಬ್ರಿಟನ್ನಿನಲ್ಲಿ ಆಗ ರೇಷನ್. ಒಬ್ಬರಿಗೆ ವಾರಕ್ಕೆ 1 ಶಿಲಿಂಗ್ 2 ಪೆನ್ಸ್ ಬೆಲೆಯಷ್ಟು ಮಾಂಸ, ಒಂದು ಮೊಟ್ಟೆ, ಅದೂ ಸಿಕ್ಕರೆ. ಬ್ರೆಡ್ಡು ತವುಡು ಬೆರೆತ ಕಂದು ಬಣ್ಣದ್ದು. ಸ್ಕ್ರಮ್‌ನಲ್ಲಿ ನೂಕುವ ಆಳುಗಳಿಗೆ ಅದು ಯಾವ ಮೂಲೆಗೆ? ಆಸ್ಟ್ರೇಲಿಯದಲ್ಲಿ ತಟ್ಟೆ ತುಂಬ ಮಾಂಸ, ಬಿಳಿ ಬ್ರೆಡ್ಡು, ಹಣ್ಣು. ಆಟಗಾರರು ಮೈ ತುಂಬಿಕೊಂಡರು. ಇಲ್ಲಿ ಎಚ್ಚರ ಬೇಕಾದದ್ದು ಒಮ್ಮೆಲೇ ಹೆಚ್ಚು ತಿಂದು ಭಾರ ಏರಿಸಿಕೊಳ್ಳದಿರುವುದರಲ್ಲಿ. ಮೂರನೇ ಟೆಸ್ಟ್ ನಡೆದದ್ದು ಜುಲೈ 20ರಂದು. ಮರುದಿನವೇ, ಜುಲೈ 21ಕ್ಕೆ, ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ರೇಷನ್ ಬಂತು. ಯುದ್ಧದ ಉದ್ದಕ್ಕೂ ಬಾರದಿದ್ದ ರೇಷನ್ ಅದು. ಇಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದವರ ಮನೆಗಳಲ್ಲಿ ಅಂದು ಬ್ರೆಡ್ಡನ್ನು ಅಳೆದು ಕೊಯ್ಯುತ್ತಿದ್ದರು.

ಒಟ್ಟು 27 ಪಂದ್ಯ, ಮೇ ಕೊನೆಯ ಭಾಗದಿಂದ ಆಗಸ್ಟ್‌ವರೆಗೆ. ಲೆಕ್ಕ ಹಾಕಿ: ಪಂದ್ಯಕ್ಕೆ 13 ಮಂದಿಯಂತೆ 351 ಸ್ಥಾನ. 26 ಮಂದಿಗೆ ಹಂಚಿದರೆ ತಲೆಗೆ ಹದಿಮೂರೂವರೆ ಪಂದ್ಯ. ವಾರಕ್ಕೆ ಎರಡರ ಮೇಲೆ ಪಂದ್ಯ, ನಡುವೆ ರೈಲು. ಇಬ್ಬರ ಮೊಣಕಾಲು ಊದಿಕೊಂಡರೆ ಉಳಿದವರ ಲೆಕ್ಕ ಬದಲಾಗುತ್ತದೆ. ಪಂದ್ಯದ ಮಧ್ಯೆ ಪೆಟ್ಟಾದರೆ ಬದಲಿ ಇಲ್ಲದ್ದರಿಂದ ಕುಂಟುತ್ತಲೇ ವಿಂಗ್‌ನಲ್ಲಿ ನಿಂತಿರಬೇಕು, ಕುಂಟಿದ ಕಾಲಿಗೆ ಮತ್ತೆ ಪೆಟ್ಟು. ನೆಲದ ಗಡಸುತನ ಇನ್ನೊಂದು ತೊಂದರೆ. ಇಂಗ್ಲೆಂಡಿನ ಕೆಸರಿಗೆ ರೂಢಿಯಾದ ಬೂಟಿನ ಅಡಿಗೆ ಚರ್ಮದ ಗುಬಟುಗಳನ್ನು ಮೊಳೆ ಹೊಡೆದು ಕೂರಿಸಿರುತ್ತಿದ್ದರು. ಒಣಗಿದ ಗಟ್ಟಿ ನೆಲದಲ್ಲಿ ಓಡಿದರೆ ಗುಬಟು ಸವೆದು ಮೊಳೆ ಮೇಲೆದ್ದು ಅಂಗಾಲಿಗೆ ಚುಚ್ಚುತ್ತದೆ. ಗುಬಟುಗಳನ್ನು ಮತ್ತೆ ಮತ್ತೆ ಬದಲಾಯಿಸದೆ ವಿಧಿಯಿಲ್ಲ.

ಟೆಸ್ಟ್ ಆಡದವರನ್ನು ಕಡೆಗಣಿಸಿದರೆ ಈ ಪ್ರವಾಸ ಅರ್ಧ ಮಾತ್ರ ಕಾಣುತ್ತದೆ. ಜಿಮ್ ಲೂತ್‌ವೇಟ್ ಒಂದು ಟೆಸ್ಟ್ ಕೂಡ ಆಡಲಿಲ್ಲ, ಆದರೂ ಪ್ರವಾಸದಲ್ಲಿ ಅತಿ ಹೆಚ್ಚು ಟ್ರೈ ಗಳಿಸಿದವರು ಅವರೇ. ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ನಾಡು ಮೆಕೈಯಲ್ಲಿ ಬ್ರಿಟನ್ 94-0 ಅಂತರದಲ್ಲಿ ಗೆದ್ದಿತು: 20 ಟ್ರೈ, 17 ಗೋಲು. ಆ ಹದಿನೇಳನ್ನೂ ಒದ್ದದ್ದು ಅರ್ನೆಸ್ಟ್ ವಾರ್ಡ್ ಒಬ್ಬರೇ.

ಮೊದಲ ಟೆಸ್ಟ್ ಜೂನ್ 17ರಂದು, ನಮ್ಮ ಕ್ರಿಕೆಟ್ ಪ್ರೇಮಿಗಳಿಗೆಲ್ಲ ಚಿರಪರಿಚಿತವಾದ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ. 64,527 ಜನ ಸೇರಿದ್ದರು. ಚಳಿಗಾಲದಲ್ಲಿ ಅಲ್ಲಿ ರಗ್ಬಿ ಲೀಗ್ ಆಡುವಾಗ ಕ್ರಿಕೆಟ್ ಪಿಚ್ಚಿನ ಮಣ್ಣೂ ಅಂಗಳದೊಳಗೇ ಬರುತ್ತಿತ್ತು. ಬುಲ್ಲಿಯಿಂದ ತಂದ ಕಪ್ಪು ಜೇಡಿ ಅದು. ಒಣಗಿದಾಗ ಸಿಮೆಂಟು, ನೆನೆದರೆ ಅಂಟು.

ಮೊದಲರ್ಧದಲ್ಲೇ ಬ್ರಿಟನ್ನಿನ ಸೆಂಟರ್ ಆಟಗಾರ ಜ್ಯಾಕ್ ಕಿಚಿಂಗ್‌ರನ್ನು ರೆಫರಿ ಹೊರಗೆ ಕಳಿಸಿದರು. ಉಳಿದದ್ದು 12 ಮಂದಿ. ಹಿಂದಿನ ಸಾಲಿನಲ್ಲಿ ತೂತು ಬಿದ್ದರೆ ಸಾಮಾನ್ಯವಾಗಿ ಸ್ಕ್ರಮ್‌ನ ಆರು ಮಂದಿಯಲ್ಲಿ ಒಬ್ಬರನ್ನು ಎಳೆದು ಅಲ್ಲಿ ನಿಲ್ಲಿಸಬೇಕಾಗುತ್ತದೆ, ನೂಕಾಟದಲ್ಲಿ ಐವರೇ ಆರು ಜನರನ್ನು ತಡೆಯಬೇಕು. ಆದರೆ ಟ್ಯಾಕಲ್‌ಗಳ ಮಿತಿ ಇಲ್ಲದ ಆಟದಲ್ಲಿ ಚೆಂಡನ್ನು ಬಿಡದೆ ಹಿಡಿದಿಟ್ಟುಕೊಂಡವರೇ ಕಾಲವನ್ನೂ ಹಿಡಿದಿಟ್ಟಂತೆ. ಸ್ಕ್ರಮ್‌ನ ನಡುವೆ ಕಾಲಿನಿಂದ ಚೆಂಡು ಸೆಳೆಯುವ ಹುಕರ್ ಸ್ಥಾನದಲ್ಲಿ ವಿಗನ್‌ನ ಜೋ ಈಗನ್ ಇದ್ದರು. ಆ ಕೆಲಸದಲ್ಲಿ ಅವರಷ್ಟು ಚುರುಕಿನವರು ಅಪರೂಪ. ಪಂದ್ಯ 8-8ರಲ್ಲಿ ಮುಗಿಯಿತು. ಈ ಪ್ರವಾಸದ ಅತ್ಯುತ್ತಮ ಆಟ ಯಾವುದೆಂದರೆ ಗೆದ್ದ ಟೆಸ್ಟ್‌ಗಳಲ್ಲ, ಇದೇ.

ಜುಲೈ 6ರಂದು ಬ್ರಿಸ್ಬೇನ್‌ನ ಎಕ್ಸಿಬಿಷನ್ ಮೈದಾನದಲ್ಲಿ ಎರಡನೇ ಟೆಸ್ಟ್. ವಿಂಗ್ ಆಟಗಾರ ಆರ್ಥರ್ ಬ್ಯಾಸೆಟ್ ಮೂರು ಟ್ರೈ ಗಳಿಸಿದರು, 14-5ರಲ್ಲಿ ಗೆಲುವು. ಮತ್ತೆ ಸಿಡ್ನಿಯಲ್ಲಿ ಮೂರನೆಯದು 20-7. ಕ್ರಿಕೆಟ್‌ನಂತೆ ರಗ್ಬಿ ಲೀಗ್‌ನಲ್ಲೂ ಈ ಎರಡು ದೇಶಗಳ ಟೆಸ್ಟ್ ಸರಣಿಗೆ ಆಶಸ್ ಎಂದೇ ಹೆಸರು. ಆಸ್ಟ್ರೇಲಿಯದ ನೆಲದಲ್ಲಿ ಮೂರು ಟೆಸ್ಟ್‌ಗಳ ಸರಣಿಯಲ್ಲಿ ಒಂದನ್ನೂ ಸೋಲದೆ ಆಶಸ್ ಉಳಿಸಿಕೊಂಡು ಬಂದ ಬ್ರಿಟನ್ ತಂಡ ಇದೊಂದೇ.

ನ್ಯೂಜಿಲೆಂಡ್ ಬೇರೆಯೇ ಕಥೆ. ಆಗಸ್ಟ್ ಅಲ್ಲಿ ಚಳಿಗಾಲದ ಮಳೆ. ಆಕ್ಲೆಂಡ್‌ನ ಕಾರ್ಲಾ ಪಾರ್ಕ್ ಕೆಸರಿಗೇ ಹೆಸರಾದ ಮೈದಾನ. ಚರ್ಮದ ಚೆಂಡು ನೀರು ಕುಡಿದು ಕಲ್ಲಿನ ಭಾರ ಆದರೆ ಉದ್ದ ಪಾಸುಗಳು ಕೈಗೆ ನಿಲ್ಲುವುದಿಲ್ಲ, ತಪ್ಪುಗಳು ಹೆಚ್ಚುತ್ತವೆ, ದಂಡದ ಒದೆತಗಳೇ ಪಂದ್ಯ ತೀರ್ಮಾನಿಸುತ್ತವೆ. ಆಗಸ್ಟ್ 10ರ ಟೆಸ್ಟನ್ನು ನ್ಯೂಜಿಲೆಂಡ್ 13-8ರಲ್ಲಿ ಗೆದ್ದಿತು. ನಾಲ್ಕು ತಿಂಗಳು ಮನೆ ಬಿಟ್ಟ, ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಮೈಮೇಲೆ ಹೊತ್ತ ತಂಡ ಅದು. ಆ ಸೋಲನ್ನು ಕೆಸರಿನ ಜೊತೆ ಈ ದಣಿವಿನ ಲೆಕ್ಕದಲ್ಲೂ ನೋಡಬೇಕು. ಎಲ್ಲ ಸೇರಿ 27ರಲ್ಲಿ 21 ಗೆಲುವು, 5 ಸೋಲು, 1 ಸಮ. ಕಾರ್ಲಾ ಪಾರ್ಕ್ ಈಗ ಇಲ್ಲ, ಆ ಜಾಗದಲ್ಲಿ ಕಟ್ಟಡಗಳೆದ್ದಿವೆ.

ಮುಂದಿನ ವರ್ಷ ನ್ಯೂಜಿಲೆಂಡ್ ತಂಡವೇ ಬ್ರಿಟನ್ ಪ್ರವಾಸಕ್ಕೆ ಬಂತು. 1947ರ ಡಿಸೆಂಬರಿನಲ್ಲಿ ಬ್ರಾಡ್‌ಫರ್ಡ್‌ನ ಓಡ್ಸಲ್ ಮೈದಾನದ ಟೆಸ್ಟ್‌ಗೆ ರಾಯ್ ಫ್ರಾನ್ಸಿಸ್‌ರನ್ನು ಆರಿಸಿದರು. ಬ್ರಿಟನ್ ಪರ ಟೆಸ್ಟ್ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ ಅವರು. ಅಂದು ಎರಡು ಟ್ರೈ ಗಳಿಸಿದರು. ಮತ್ತೆಂದೂ ಅವರನ್ನು ಆರಿಸಲಿಲ್ಲ.